ಮಲದಲ್ಲಿ ರಕ್ತ ಕಂಡ ಮಗುವಿಗೆ ಒಂದು ಪುಟದ ನಿಯಮ ಬೇಕು

ಮಕ್ಕಳ ಆರೋಗ್ಯ, ಆಹಾರ ಮತ್ತು ಕುಡಿಯುವ ನೀರಿನ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಮಕ್ಕಳ ಕಿಡ್ನಿ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನಿಮ್ಮಿಂದ ಒಂದು ಪುಟದ ನಿಯಮ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮಗುವಿನ ಮಲದಲ್ಲಿ ರಕ್ತ ಕಾಣಿಸಿತು ಎಂದು ಅಪ್ಪ ಅಮ್ಮ ಕ್ಲಿನಿಕ್ಕಿಗೆ ಬಂದರೆ ಅವತ್ತೇ ಏನು ಮಾಡಬೇಕು, ಮುಂದಿನ ಒಂದು ವಾರ ಏನು ನೋಡುತ್ತಿರಬೇಕು, ಯಾರಿಗೆ ಸುದ್ದಿ ಮುಟ್ಟಿಸಬೇಕು. ಇಷ್ಟು ಬರೆದ ಒಂದು ಪುಟ ಪ್ರತಿ ವೈದ್ಯರ ಮೇಜಿನ ಮೇಲೂ ಇರಬೇಕು.

ನಾನು ಹೇಳುತ್ತಿರುವುದು ಹಿಮೋಲಿಟಿಕ್ ಯುರೆಮಿಕ್ ಸಿಂಡ್ರೋಮ್ ಎಂಬ ಕಾಯಿಲೆಯ ಬಗ್ಗೆ. ವಾರ್ಡಿನಲ್ಲಿ ನಾವು ಎಚ್‌ಯುಎಸ್ ಅನ್ನುತ್ತೇವೆ. ಕರುಳಿಗೆ ಹೊಕ್ಕ ಒಂದು ಜಾತಿಯ ಬ್ಯಾಕ್ಟೀರಿಯಾ ಮಾಡುವ ವಿಷದಿಂದ ಬರುವ ಕಾಯಿಲೆ ಇದು. ಐದು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ. ಮೂರು ಪೆಟ್ಟು ಒಟ್ಟಿಗೆ ಬೀಳುತ್ತವೆ: ಕೆಂಪು ರಕ್ತಕಣಗಳು ಒಡೆದು ಚೂರಾಗುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ಕಿಡ್ನಿ ಕೆಲಸ ನಿಲ್ಲಿಸುತ್ತದೆ. ನಿನ್ನೆ ಮೊನ್ನೆಯವರೆಗೆ ಓಡಾಡಿಕೊಂಡಿದ್ದ ಮಗು ಡಯಾಲಿಸಿಸ್ ಮೇಲೆ ಮಲಗಿರುತ್ತದೆ.

ಕಾಯಿಲೆ ಅಪರೂಪದ್ದು, ನಿಜ. ನನ್ನ ತಕರಾರು ಅದು ಬರುವ ರೀತಿಯ ಬಗ್ಗೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೊಟ್ಟೆನೋವು. ಮಗು ಮುದುಡಿಕೊಂಡು ಅಳುವಷ್ಟು ನೋವು. ಆಮೇಲೆ ನೀರಿನಂಥ ಭೇದಿ. ಒಂದೆರಡು ದಿನ ಕಳೆಯುವಷ್ಟರಲ್ಲಿ ಭೇದಿಯಲ್ಲಿ ರಕ್ತ, ಕೆಲವು ಮಕ್ಕಳಲ್ಲಿ ಬರೀ ರಕ್ತವೇ ಹೋಗುತ್ತಿದೆ ಅನ್ನಿಸುವಷ್ಟು. ಜ್ವರ ಅಷ್ಟಾಗಿ ಇರುವುದಿಲ್ಲ. ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಮೈ ಬಿಸಿಯೇ ಇರುವುದಿಲ್ಲ. ಜ್ವರ ಇಲ್ವಲ್ಲ, ಏನೋ ಹೊಟ್ಟೆ ಕೆಟ್ಟಿರಬೇಕು ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಒಂದು ಆಂಟಿಬಯಾಟಿಕ್, ಭೇದಿ ನಿಲ್ಲುವುದಕ್ಕೆ ಒಂದು ಔಷಧಿ, ನೋವಿಗೆ ಇನ್ನೊಂದು. ಮಲದ ಪರೀಕ್ಷೆ ಇಲ್ಲ, ರಕ್ತದ ಪರೀಕ್ಷೆಯೂ ಇಲ್ಲ.

ನಾಲ್ಕೈದು ದಿನಕ್ಕೆ ಭೇದಿ ಕಡಿಮೆಯಾಗುತ್ತದೆ. ಮನೆಯವರು ಉಸಿರು ಬಿಡುತ್ತಾರೆ. ಅಪಾಯ ಶುರುವಾಗುವುದು ಆಗಲೇ. ಭೇದಿ ಶುರುವಾದ ದಿನದಿಂದ ಲೆಕ್ಕ ಹಾಕಿದರೆ ಐದರಿಂದ ಹತ್ತು ದಿನದೊಳಗೆ ಎಚ್‌ಯುಎಸ್ ತಲೆ ಎತ್ತುತ್ತದೆ. ಮಗುವಿನ ಮುಖ ಬಿಳುಚಿಕೊಳ್ಳುತ್ತದೆ. ಆಡುವ ಮನಸ್ಸಿಲ್ಲ, ಸುಮ್ನೆ ಮಲಗಿರುತ್ತದೆ. ಕಣ್ಣಿನ ಸುತ್ತ ಬಾವು. ಕೆಲವರಿಗೆ ಚರ್ಮದ ಮೇಲೆ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆ. ಉಚ್ಚೆ ಕಡಿಮೆಯಾಗಿರುತ್ತದೆ, ಆದರೆ ಭೇದಿ ಆದ ಮಗು ಅಲ್ವಾ, ನೀರು ಕಮ್ಮಿಯಾಗಿದೆ ಎಂದು ಇನ್ನಷ್ಟು ನೀರು ಕುಡಿಸುತ್ತಾರೆ. ಕಿಡ್ನಿ ನಿಂತ ಮೇಲೆ ಆ ನೀರು ಹೋಗುವುದೆಲ್ಲಿಗೆ? ಶ್ವಾಸಕೋಶಕ್ಕೆ, ಮುಖಕ್ಕೆ, ಕಾಲಿಗೆ. ಬಿ.ಪಿ. ಏರುತ್ತದೆ. ಕೆಲವು ಮಕ್ಕಳು ನಮ್ಮ ಹತ್ತಿರ ಬರುವುದೇ ಫಿಟ್ಸ್ ಬಂದ ಮೇಲೆ.

ಇಷ್ಟೂ ದಿನ ಅಪ್ಪ ಅಮ್ಮ ನಿರ್ಲಕ್ಷ್ಯ ಮಾಡಿರುವುದಿಲ್ಲ. ವೈದ್ಯರ ಹತ್ತಿರ ಹೋಗಿರುತ್ತಾರೆ, ಚೀಟಿ ಕೈಯಲ್ಲೇ ಇರುತ್ತದೆ. ಭೇದಿ ನಿಂತ ಮೇಲೂ ನೋಡಬೇಕಾದ್ದಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ನಾನು ಕೇಳುತ್ತಿರುವ ಒಂದು ಪುಟದಲ್ಲಿ ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಈ ಒಂದು ಸಾಲು ದಪ್ಪ ಅಕ್ಷರದಲ್ಲಿ ಇರಲಿ.

ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ನಿಯಮದ ತರ್ಕ ಅದರಲ್ಲೇ ಇದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುತ್ತದೆ, ಬಹುಪಾಲು ತಂಟೆಗೆ ಬರುವುದಿಲ್ಲ. ಅದರ ಕೆಲವು ತಳಿಗಳು ಶಿಗಾ ಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಹೆಚ್ಚು ಕುಖ್ಯಾತಿ ಪಡೆದದ್ದು ಒ157:ಎಚ್7 ಎಂಬ ತಳಿ. ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು, ಕಾಯಿಲೆ ಬರುತ್ತದೆ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳು ಬಿಟ್ಟು ಹೋಗುವುದಿಲ್ಲ. ರಕ್ತಕ್ಕೆ ಇಳಿಯುವುದು ಅದು ಮಾಡಿದ ವಿಷ. ಆ ವಿಷ ಅಂಟಿಕೊಳ್ಳುವ ಜಾಗ ಮಕ್ಕಳ ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಹೇರಳವಾಗಿದೆ. ಜೀವಕೋಶದ ಒಳಗೆ ಹೋಗಿ ಅದು ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ. ನಾಳದ ಒಳಪದರ ಊದಿಕೊಂಡು ಕಿತ್ತುಬರುತ್ತದೆ. ಅಲ್ಲಿ ಪ್ಲೇಟ್‌ಲೆಟ್‌ಗಳು ಮುತ್ತಿಕೊಂಡು ಸಣ್ಣ ಸಣ್ಣ ಗರಣೆ ಕಟ್ಟುತ್ತವೆ. ಆ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುವ ಕೆಂಪು ಕಣಗಳು ಹರಿದು ಚೂರಾಗುತ್ತವೆ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಈ ಚೂರುಗಳು ಕಾಣುತ್ತವೆ. ದುಂಡಗಿರಬೇಕಾದ ಕಣ ತ್ರಿಕೋನವಾಗಿರುತ್ತದೆ, ಅರ್ಧ ಹೋಗಿರುತ್ತದೆ, ಕೊಂಬು ಬಂದಿರುತ್ತದೆ. ಮೊದಮೊದಲು ಪ್ಲೇಟ್‌ಲೆಟ್ ಇಳಿಯುತ್ತದೆ, ಆಮೇಲೆ ಹಿಮೋಗ್ಲೋಬಿನ್, ಆಮೇಲೆ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಏರುತ್ತದೆ. ಅಂದರೆ ಕಿಡ್ನಿ ಕೈಕೊಡುವ ಮೊದಲೇ ಒಂದು ಸಾಮಾನ್ಯ ರಕ್ತ ಪರೀಕ್ಷೆ ಸೂಚನೆ ಕೊಟ್ಟಿರುತ್ತದೆ. ಅದನ್ನು ಮಾಡಿಸಿದ್ದರೆ ತಾನೇ.

ಒ157 ತಗುಲಿದ ಚಿಕ್ಕ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹದಿನೈದು ಮಕ್ಕಳಿಗೆ ಎಚ್‌ಯುಎಸ್ ಬರುತ್ತದೆ. ಎಚ್‌ಯುಎಸ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಡಯಾಲಿಸಿಸ್ ಬೇಕು. ಒಳ್ಳೆಯ ಚಿಕಿತ್ಸೆ ಸಿಗುವ ಕಡೆಯೂ ನೂರಕ್ಕೆ ಒಂದರಿಂದ ಐದು ಮಕ್ಕಳು ಉಳಿಯುವುದಿಲ್ಲ.

ಡಯಾಲಿಸಿಸ್ ಅಂದರೆ ನಿಮ್ಮ ಕಣ್ಣಿಗೆ ದೊಡ್ಡ ಯಂತ್ರ ಬರಬಹುದು. ತೀರಾ ಚಿಕ್ಕ ಮಕ್ಕಳಿಗೆ ನಾವು ಹೆಚ್ಚಾಗಿ ಮಾಡುವುದು ಹೊಟ್ಟೆಯ ಮೂಲಕ. ಹೊಕ್ಕುಳ ಹತ್ತಿರ ಒಂದು ಮೆತ್ತನೆ ಕೊಳವೆ ಹಾಕಿರುತ್ತಾರೆ. ದ್ರವದ ಚೀಲವನ್ನು ಮೈಯ ಬಿಸಿಗೆ ತಂದು, ಕೊಳವೆಯಿಂದ ಹೊಟ್ಟೆಯೊಳಗೆ ಬಿಡುತ್ತೇವೆ. ಸ್ವಲ್ಪ ಹೊತ್ತು ಒಳಗೇ ಇರುತ್ತದೆ. ರಕ್ತದಲ್ಲಿರುವ ಕಶ್ಮಲ ಅದಕ್ಕೆ ಇಳಿಯುತ್ತದೆ. ಆಮೇಲೆ ಹೊರಗೆ ಬಸಿದುಕೊಳ್ಳುತ್ತೇವೆ. ಬಸಿದ ಚೀಲವನ್ನು ತೂಗಬೇಕು. ಒಳಗೆ ಬಿಟ್ಟದ್ದೆಷ್ಟು, ಹೊರಗೆ ಬಂದದ್ದೆಷ್ಟು, ಬರೆದಿಡಬೇಕು. ಬಸಿದ ನೀರು ತಿಳಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಮಬ್ಬಾಗಿದ್ದರೆ ಹೊಟ್ಟೆಯೊಳಗೆ ಸೋಂಕು ಬಂದಿದೆ ಎಂದು ಅನುಮಾನ. ಮತ್ತೆ ಬಿಡಬೇಕು. ಹಗಲು ರಾತ್ರಿ ಇದೇ ಸುತ್ತು.

ಇದರ ಜೊತೆಗೆ ಡೈಪರ್ ತೂಗುವ ಕೆಲಸ. ಒದ್ದೆ ಡೈಪರಿನ ತೂಕದಲ್ಲಿ ಒಣ ಡೈಪರಿನ ತೂಕ ಕಳೆದರೆ ಉಚ್ಚೆಯ ಲೆಕ್ಕ ಸಿಗುತ್ತದೆ. ಒಂದು ಗ್ರಾಂಗೆ ಒಂದು ಮಿಲಿ. ದಿನಗಟ್ಟಲೆ ಆ ಕಾಲಂನಲ್ಲಿ ಸೊನ್ನೆ ಬರೆಯುತ್ತೇವೆ. ಒಂದು ದಿನ ಡೈಪರ್ ಸ್ವಲ್ಪ ಭಾರ ಅನ್ನಿಸುತ್ತದೆ. ತೂಗಿದರೆ ಹತ್ತು ಗ್ರಾಂ ಜಾಸ್ತಿ. ಆ ಹತ್ತು ಮಿಲಿಗೆ ಇಡೀ ವಾರ್ಡು ಖುಷಿಪಡುತ್ತದೆ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು.

ಮಗುವಿಗೆ ಬಾಯಾರಿಕೆ, ಆದರೆ ನೀರಿಗೆ ಮಿತಿ. ಪೊಟ್ಯಾಶಿಯಂ ಏರಿದರೆ ಹೃದಯಕ್ಕೆ ಅಪಾಯ ಎಂದು ಎಷ್ಟೋ ಹಣ್ಣು ಬೇಡ. ರಕ್ತ ಏರಿಸಬೇಕು, ಆದರೆ ನಿಧಾನವಾಗಿ. ಪ್ಲೇಟ್‌ಲೆಟ್ ಕಮ್ಮಿ ಇದ್ದರೂ ರಕ್ತಸ್ರಾವ ಇಲ್ಲದಿದ್ದರೆ ಅಥವಾ ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ಏರಿಸುವುದಿಲ್ಲ. ಯಾಕೆ ಏರಿಸುತ್ತಿಲ್ಲ ಎಂದು ಸಂಬಂಧಿಕರು ಜಗಳಕ್ಕೆ ಬರುತ್ತಾರೆ. ಅವರ ಆತಂಕ ಅರ್ಥವಾಗುತ್ತದೆ. ಈ ವಿಷಕ್ಕೆ ಪ್ರತಿವಿಷ ಇಲ್ಲ ಎಂದು ಅವರಿಗೆ ಹೇಳುವುದೇ ನನಗೆ ಕಷ್ಟದ ಕೆಲಸ. ನಾವು ಮಾಡುವುದೆಲ್ಲ ಕಿಡ್ನಿ ತಾನಾಗಿ ಚೇತರಿಸಿಕೊಳ್ಳುವವರೆಗೆ ಮಗುವನ್ನು ಕಾಪಾಡಿಕೊಳ್ಳುವುದು. ಚಿಕಿತ್ಸೆ ಇಷ್ಟೇ ಇರುವಾಗ ಮೊದಲ ವಾರವನ್ನು ಕಳೆದುಕೊಳ್ಳಬಾರದು ಅಲ್ವಾ?

ಹೊಸ ಕಾಯಿಲೆ, ಇನ್ನೂ ಗೊತ್ತಾಗಬೇಕಿದೆ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕಾನ್ರಾಡ್ ಗ್ಯಾಸರ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದು 1955ರಲ್ಲಿ. ಅರ್ಜೆಂಟೀನಾದ ಮಕ್ಕಳ ವೈದ್ಯ ಕಾರ್ಲೋಸ್ ಜಿಯಾನಾಂಟೋನಿಯೊ 1964ರಲ್ಲಿ 58 ಮಕ್ಕಳ ಕಥೆ ಬರೆದರು. ಈ ಕಾಯಿಲೆ ಪ್ರಪಂಚದಲ್ಲೇ ಹೆಚ್ಚು ಕಾಣುವುದು ಅರ್ಜೆಂಟೀನಾದಲ್ಲಿ. ಕಾರಣ ಮಾತ್ರ ಬಹಳ ಕಾಲ ಸಿಕ್ಕಿರಲಿಲ್ಲ. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊಹಮದ್ ಕರ್ಮಾಲಿ ಮತ್ತು ಜೊತೆಗಾರರು ಎಚ್‌ಯುಎಸ್ ಮಕ್ಕಳ ಮಲದಲ್ಲಿ ವಿಷ ಮಾಡುವ ಇ. ಕೋಲೈ ಇದೆ ಎಂದು ತೋರಿಸಿದರು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಒರೆಗಾನ್ ಮತ್ತು ಮಿಷಿಗನ್‌ನಲ್ಲಿ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಹಿಡಿದಾಗ ಒ157:ಎಚ್7 ಮೊದಲ ಸಲ ಸಿಕ್ಕಿಬಿದ್ದಿತ್ತು. ಅಂದಿನಿಂದ ನಾಲ್ಕು ದಶಕ ದಾಟಿದೆ. ತಿಳಿದವರಿಗೆ ತಿಳಿದಿದೆ. ಮಗುವನ್ನು ಮೊದಲು ನೋಡುವ ಕ್ಲಿನಿಕ್ಕಿಗೆ ಮಾತ್ರ ತಲುಪಿಲ್ಲ.

ಈಗ ಆಂಟಿಬಯಾಟಿಕ್ ವಿಚಾರ. ಇದು ಸೂಕ್ಷ್ಮ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಶಿಗಾ ವಿಷದ ಜೀನ್ ಈ ಬ್ಯಾಕ್ಟೀರಿಯಾದ ಒಳಗೆ ಅಡಗಿ ಕುಳಿತ ಒಂದು ವೈರಸ್ಸಿನದು. ಕೆಲವು ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಆ ವೈರಸ್ ಎಚ್ಚೆತ್ತು ಎದ್ದುಬರುತ್ತದೆ. ಅದರ ಜೊತೆಗೆ ವಿಷವೂ ಜಾಸ್ತಿ ತಯಾರಾಗುತ್ತದೆ. ಒ157 ತಗುಲಿದ ಮಕ್ಕಳಿಗೆ ಆಂಟಿಬಯಾಟಿಕ್ ಕೊಟ್ಟರೆ ಎಚ್‌ಯುಎಸ್ ಬರುವ ಸಾಧ್ಯತೆ ಹೆಚ್ಚುತ್ತದೆ ಎಂದು 2000ರಲ್ಲಿ ಅಮೆರಿಕದ ವೈದ್ಯರ ಒಂದು ಅಧ್ಯಯನ ತೋರಿಸಿತು. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ. ಆದರೂ ಈ ತಳಿಗೆ ಆಂಟಿಬಯಾಟಿಕ್ ಬೇಡ ಎಂಬುದೇ ಈಗ ಹೆಚ್ಚಿನ ವೈದ್ಯರ ಸಲಹೆ. ಕರುಳಿನ ಓಡಾಟ ನಿಲ್ಲಿಸಿ ಭೇದಿ ಕಟ್ಟುವ ಮಾತ್ರೆಯಂತೂ ಬೇಡವೇ ಬೇಡ. ವಿಷ ಹೊರಗೆ ಹೋಗುವ ಬದಲು ಒಳಗೇ ನಿಲ್ಲುತ್ತದೆ. ಐಬುಪ್ರೊಫೆನ್ ಥರದ ನೋವಿನ ಔಷಧಿಯೂ ಬೇಡ, ಅದು ಕಿಡ್ನಿಗೆ ಮತ್ತೊಂದು ಹೊರೆ.

ಹಾಗಾದರೆ ರಕ್ತಭೇದಿಗೆ ಆಂಟಿಬಯಾಟಿಕ್ ಕೊಡಲೇಬಾರದು ಎಂದು ನಿಯಮ ಮಾಡಿಬಿಡೋಣವೇ? ಆಗುವುದಿಲ್ಲ. ಇಲ್ಲೇ ತೊಡಕಿರುವುದು. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಕಂಡುಹಿಡಿದ ಆಮಶಂಕೆಯ ಬ್ಯಾಕ್ಟೀರಿಯಾ, ಶಿಗೆಲ್ಲಾ ಡಿಸೆಂಟೆರಿಯೆ, ಇದೇ ವಿಷ ಮಾಡುತ್ತದೆ, ಅದರಿಂದಲೂ ಎಚ್‌ಯುಎಸ್ ಬರುತ್ತದೆ. ಆದರೆ ಆಮಶಂಕೆಗೆ ಸರಿಯಾದ ಆಂಟಿಬಯಾಟಿಕ್ಕನ್ನು ಬೇಗ ಕೊಡಬೇಕು. ಕೊಡದಿದ್ದರೆ ಮಗುವಿನ ಜೀವಕ್ಕೇ ಅಪಾಯ. ಶಿಗೆಲ್ಲಾ ಹೆಚ್ಚಿರುವ ನಾಡುಗಳಲ್ಲಿ ರಕ್ತಭೇದಿಗೆ ಆಂಟಿಬಯಾಟಿಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎರಡೂ ಮಾತು ಸರಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರಕ್ತಭೇದಿ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವುದಕ್ಕೆ ಇರುವ ದಾರಿ ಒಂದೇ, ಮಲದ ಪರೀಕ್ಷೆ. ಜೋರು ಜ್ವರ, ಆಗಾಗ ಸ್ವಲ್ಪ ಸ್ವಲ್ಪವೇ ಲೋಳೆ ಮಿಶ್ರಿತ ಮಲ ಇದ್ದರೆ ಶಿಗೆಲ್ಲಾ ಕಡೆಗೆ ವಾಲಬಹುದು. ಅದು ಅಂದಾಜು. ಅಂದಾಜಿನ ಮೇಲೆ ಔಷಧಿ ಶುರು ಮಾಡಬೇಕಾದಾಗಲೂ ಮೊದಲು ಮಲದ ಮಾದರಿ ತೆಗೆದಿಡಬಹುದಲ್ಲ. ಒಂದು ಡಬ್ಬಿ ಸಾಕು.

ಆ ಡಬ್ಬಿಯೂ ಬೇಗ ತುಂಬಬೇಕು. ಭೇದಿ ಶುರುವಾಗಿ ಒಂದು ವಾರ ದಾಟಿದರೆ ಬ್ಯಾಕ್ಟೀರಿಯಾ ಮಲದಲ್ಲಿ ಸಿಗುವುದು ಕಷ್ಟ. ನಮ್ಮ ವಾರ್ಡಿಗೆ ಮಗು ಬರುವ ಹೊತ್ತಿಗೆ ಎಷ್ಟೋ ಸಲ ಸಾಕ್ಷಿಯೇ ಹೋಗಿರುತ್ತದೆ. ಲ್ಯಾಬಿನಲ್ಲೂ ಒಂದು ಸಮಸ್ಯೆ ಇದೆ. ಮಾಮೂಲಿ ಕಲ್ಚರ್ ಮಾಡಿದರೆ, ಅಂದರೆ ಮಲದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರೆ, ಈ ತಳಿ ಉಳಿದ ಇ. ಕೋಲೈಗಳ ಗುಂಪಿನಲ್ಲಿ ಕಳೆದುಹೋಗುತ್ತದೆ. ಒ157 ಹಿಡಿಯಲು ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು ಹಾಕಿದ ತಟ್ಟೆ ಬೇಕು. ಬೇರೆ ಇ. ಕೋಲೈಗಳು ಬಹುಪಾಲು ಸಾರ್ಬಿಟಾಲ್ ಬಳಸಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಒ157 ಮಾತ್ರ ಬಣ್ಣವಿಲ್ಲದೆ ಉಳಿಯುತ್ತದೆ. ಆದರೆ ಇದೇ ವಿಷ ಮಾಡುವ ಒ26, ಒ111 ಮುಂತಾದ ತಳಿಗಳು ಈ ತಟ್ಟೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ವಿಷವನ್ನೇ, ಇಲ್ಲವೇ ವಿಷದ ಜೀನನ್ನೇ ಹುಡುಕುವ ಪರೀಕ್ಷೆ ಜೊತೆಯಲ್ಲಿ ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರಲ್ಲೇ ಎರಡನ್ನೂ ಒಟ್ಟಿಗೆ ಮಾಡಿ ಎಂದು ಲ್ಯಾಬ್‌ಗಳಿಗೆ ಹೇಳಿದೆ. ಚೀಟಿಯಲ್ಲಿ 'ಮಲ ಪರೀಕ್ಷೆ' ಎಂದಷ್ಟೇ ಬರೆದರೆ ಇದ್ಯಾವುದೂ ಆಗುವುದಿಲ್ಲ. 'ಶಿಗಾ ಟಾಕ್ಸಿನ್ ನೋಡಿ' ಎಂದು ಬರೆಯಬೇಕು. ನಿಮ್ಮ ನಿಯಮದಲ್ಲಿ ಈ ಪದ ಇದ್ದರೆ ಚೀಟಿಗೂ ಬರುತ್ತದೆ.

ವಿಷ ಮಾಡುವ ತಳಿ ಎಂದು ಗೊತ್ತಾದ ಮೇಲೆ ಮಾಡಬೇಕಾದ್ದು ಎರಡೇ. ಒಂದು, ಪ್ಲೇಟ್‌ಲೆಟ್ ಇಳಿಯುವ ಅವಧಿ ಮುಗಿಯಿತು ಎಂದು ಖಾತ್ರಿಯಾಗುವವರೆಗೆ ದಿನಾ ಅಥವಾ ದಿನ ಬಿಟ್ಟು ದಿನ ರಕ್ತ ಪರೀಕ್ಷೆ. ಇನ್ನೊಂದು, ಉಚ್ಚೆ ಬರುತ್ತಿರುವಾಗಲೇ ರಕ್ತನಾಳದ ಮೂಲಕ ಸಲೈನ್. ಭೇದಿಯ ಮೊದಲ ದಿನಗಳಲ್ಲಿ ಹೀಗೆ ಸಲೈನ್ ಪಡೆದ ಮಕ್ಕಳಲ್ಲಿ, ಎಚ್‌ಯುಎಸ್ ಬಂದರೂ ಉಚ್ಚೆ ಪೂರ್ತಿ ನಿಲ್ಲುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಕಿಡ್ನಿ ನಿಂತ ಮೇಲೆ ಅಪಾಯ ತರುವ ಅದೇ ನೀರು ಮೊದಲ ದಿನಗಳಲ್ಲಿ ಕಾಪಾಡುತ್ತದೆ. ಮಗು ಯಾವ ದಿನದಲ್ಲಿದೆ ಎಂದು ತಿಳಿದಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

(ಭೇದಿಯೇ ಇಲ್ಲದೆ ಎಚ್‌ಯುಎಸ್ ಬರುವ ಮಕ್ಕಳೂ ಇದ್ದಾರೆ. ಕೆಲವರಿಗೆ ನ್ಯುಮೊಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾದ ಸೋಂಕಿನ ಜೊತೆ, ಕೆಲವರಿಗೆ ದೇಹದ ರಕ್ಷಣಾ ವ್ಯವಸ್ಥೆಯ ಹುಟ್ಟುದೋಷದಿಂದ. ಅವರ ಚಿಕಿತ್ಸೆಯೇ ಬೇರೆ. ಈ ಪತ್ರ ಅವರ ಬಗ್ಗೆ ಅಲ್ಲ, ಆದರೆ ನಿಯಮ ಬರೆಯುವಾಗ ಒಂದು ಸಾಲು ಅವರಿಗೂ ಇರಲಿ.)

ಇಷ್ಟು ಹೊತ್ತು ಕ್ಲಿನಿಕ್ಕಿನ ಮಾತಾಯಿತು. ಈಗ ಸುದ್ದಿ ಮುಟ್ಟಿಸುವ ವಿಚಾರ. ಇದು ನೇರವಾಗಿ ನಿಮ್ಮ ಕೆಲಸ.

ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನ ಕಥೆ ನಿಮ್ಮ ಕಚೇರಿಯಲ್ಲಿ ಯಾರಾದರೂ ಓದಿರಬಹುದು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಹತ್ತಿರದ ಹೊಲದ ದನದ ಗೊಬ್ಬರ ಊರಿಗೆ ನೀರು ಕೊಡುವ ಬಾವಿಗೆ ಇಳಿಯಿತು. ಕ್ಲೋರಿನ್ ಸಾಕಷ್ಟು ಹಾಕಿರಲಿಲ್ಲ, ಇದೆಯೇ ಎಂದು ಸರಿಯಾಗಿ ಅಳೆಯುತ್ತಲೂ ಇರಲಿಲ್ಲ. ನೀರು ಕೆಟ್ಟಿದೆ ಎಂಬ ಲ್ಯಾಬ್ ವರದಿ ನೀರು ಸರಬರಾಜಿನವರ ಕೈಗೆ ಬಂದಿತ್ತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಅನುಮಾನಪಟ್ಟವರು ಪಕ್ಕದ ಓವೆನ್ ಸೌಂಡ್ ಆಸ್ಪತ್ರೆಯ ಒಬ್ಬ ಮಕ್ಕಳ ವೈದ್ಯೆ. ಅವರ ಹತ್ತಿರ ಬಂದದ್ದು ಇಬ್ಬರು ಮಕ್ಕಳು. ಇದು ಇ. ಕೋಲೈ ಇರಬಹುದು ಎಂದು ಮೇ 19ರಂದು ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಇಲಾಖೆ ನೀರಿನವರನ್ನು ಕೇಳಿತು. ನೀರು ಚೆನ್ನಾಗಿದೆ ಎಂದರು. ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಟದ್ದು 21ಕ್ಕೆ. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಜನ ಸತ್ತರು, 27 ಜನರಿಗೆ ಎಚ್‌ಯುಎಸ್ ಬಂತು. ನಿಜ ಮುಚ್ಚಿಡದೆ 19ಕ್ಕೇ ಸೂಚನೆ ಹೊರಟಿದ್ದರೆ 300ರಿಂದ 400 ಜನರಿಗೆ ಕಾಯಿಲೆ ತಪ್ಪುತ್ತಿತ್ತು ಎಂದು ವಿಚಾರಣಾ ಆಯೋಗ ಆಮೇಲೆ ಹೇಳಿತು.

ಎರಡು ದಿನ. ನಾನು ಆ ವೈದ್ಯೆಯನ್ನು ಮೆಚ್ಚುತ್ತೇನೆ. ಆದರೆ ಒಬ್ಬರ ಚುರುಕುತನದ ಮೇಲೆ ಒಂದು ಊರಿನ ಆರೋಗ್ಯ ನಿಂತಿರಬಾರದು. ಎಚ್‌ಯುಎಸ್ ಕಂಡ ವೈದ್ಯರು ಅದೇ ದಿನ ತಿಳಿಸಲೇಬೇಕು, ಶಿಗಾ ಟಾಕ್ಸಿನ್ ಸಿಕ್ಕ ಲ್ಯಾಬ್ ಅದೇ ದಿನ ತಿಳಿಸಲೇಬೇಕು ಎಂದು ನಿಯಮ ಇರಬೇಕು. ಎಷ್ಟೋ ದೇಶಗಳಲ್ಲಿ ಇದೆ. ಇಲ್ಲದ ಕಡೆ ನಮ್ಮಂಥವರು ವಾರ್ಡಿನಲ್ಲಿ ಮಾತಾಡಿಕೊಳ್ಳುತ್ತೇವೆ, ಈ ವಾರ ಇದು ಎರಡನೇ ಮಗು ಅಲ್ವಾ ಎಂದು. ಅಲ್ಲಿಗೆ ಮುಗಿಯಿತು. ಎರಡೂ ಮಕ್ಕಳು ಒಂದೇ ಶಿಶುಪಾಲನಾ ಕೇಂದ್ರಕ್ಕೆ ಹೋಗುತ್ತಿದ್ದರೇ, ಒಂದೇ ಕಡೆ ಹಾಲು ತಂದಿದ್ದರೇ ಎಂದು ಕೇಳುವುದು ಯಾರ ಕೆಲಸ?

ಕೇಳುವುದನ್ನೂ ಸರಿಯಾಗಿ ಕೇಳಬೇಕು. 2011ರಲ್ಲಿ ಉತ್ತರ ಜರ್ಮನಿಯಲ್ಲಿ ಒ104:ಎಚ್4 ಎಂಬ ತಳಿ ಹಬ್ಬಿತು. 3,800ಕ್ಕೂ ಹೆಚ್ಚು ಜನರಿಗೆ ಕಾಯಿಲೆ, ಅದರಲ್ಲಿ 800ಕ್ಕೂ ಹೆಚ್ಚು ಜನರಿಗೆ ಎಚ್‌ಯುಎಸ್, 50ಕ್ಕೂ ಹೆಚ್ಚು ಸಾವು. ಆ ಸಲ ಹೆಚ್ಚು ನರಳಿದ್ದು ದೊಡ್ಡವರು, ಅದರಲ್ಲೂ ಹೆಂಗಸರು. ಹ್ಯಾಂಬರ್ಗಿನ ಅಧಿಕಾರಿಗಳು ಮೊದಲು ಸ್ಪೇನಿನ ಸೌತೆಕಾಯಿ ಎಂದರು. ಅಲ್ಲಿನ ರೈತರ ಬೆಳೆ ಕೇಳುವವರಿಲ್ಲದೆ ಕೊಳೆಯಿತು. ಸೌತೆಕಾಯಿಯಲ್ಲಿ ಸಿಕ್ಕಿದ್ದು ಬೇರೆ ತಳಿ. ನಿಜವಾದ ಮೂಲ ಮೊಳಕೆ, ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದಿಂದ ಬೆಳೆಸಿದ್ದು. ಅಧಿಕಾರಿಗಳು ಬೇಗ ಮಾತಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ರೋಗಿಗಳು ಏನೇನು ತಿಂದಿದ್ದರು ಎಂದು ಎಲ್ಲರಿಗೂ ಒಂದೇ ಪ್ರಶ್ನಾವಳಿ ಇಟ್ಟುಕೊಂಡು ಮೊದಲ ದಿನದಿಂದ ಕೇಳಿದ್ದರೆ ದಾರಿ ಹತ್ತಿರವಾಗುತ್ತಿತ್ತು ಎಂದಷ್ಟೇ ನನ್ನ ಅನಿಸಿಕೆ. ಆ ಪ್ರಶ್ನಾವಳಿ ಸಿದ್ಧವಾಗಿರಲಿ. ಮಗು ಐಸಿಯುನಲ್ಲಿರುವಾಗ ಅಮ್ಮನ ನೆನಪು ಹತ್ತು ದಿನ ಹಿಂದಕ್ಕೆ ಹೋಗುವುದು ಸುಲಭವಲ್ಲ.

ನಿಯಮದಿಂದ ಏನೂ ಆಗುವುದಿಲ್ಲ ಅನ್ನುವವರಿಗೆ ಅಮೆರಿಕದ ಉದಾಹರಣೆ ಕೊಡುತ್ತೇನೆ. 1993ರಲ್ಲಿ ಅಲ್ಲಿನ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರಿನಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಬೇಯಿಸಿಕೊಳ್ಳುವುದು ತಿನ್ನುವವರ ಜವಾಬ್ದಾರಿ ಎಂಬ ವಾದ ಅದುವರೆಗೂ ನಡೆದಿತ್ತು. 1994ರಲ್ಲಿ ಸರ್ಕಾರ ರುಬ್ಬಿದ ದನದ ಮಾಂಸದಲ್ಲಿ ಒ157:ಎಚ್7 ಇದ್ದರೆ ಅದು ಕಲಬೆರಕೆ, ಮಾರುವಂತಿಲ್ಲ ಎಂದು ಘೋಷಿಸಿತು. ಮಾಂಸ ಉದ್ಯಮದವರು ಕೋರ್ಟಿಗೂ ಹೋದರು. ನಿಯಮ ಉಳಿಯಿತು. ಆಮೇಲೆ ಇನ್ನೂ ಆರು ತಳಿಗಳನ್ನು ಅದಕ್ಕೆ ಸೇರಿಸಿದರು.

ಈ ಬ್ಯಾಕ್ಟೀರಿಯಾ ದನಗಳ ಕರುಳಿನಲ್ಲಿ ನೆಮ್ಮದಿಯಾಗಿರುತ್ತದೆ. ದನಕ್ಕೆ ಏನೂ ಆಗುವುದಿಲ್ಲ, ಆದ್ದರಿಂದ ಸಾಕುವವರಿಗೂ ಗೊತ್ತಾಗುವುದಿಲ್ಲ. ಸಗಣಿಯಿಂದ ನೀರಿಗೆ, ಸೊಪ್ಪಿಗೆ, ಹಾಲಿಗೆ, ಮಾಂಸಕ್ಕೆ ಬರುತ್ತದೆ. ಇಡೀ ಮಾಂಸದ ತುಂಡಾದರೆ ಅದು ಮೇಲ್ಮೈಯಲ್ಲಷ್ಟೇ ಇರುತ್ತದೆ, ಬಿಸಿ ತಾಗಿದರೆ ಸಾಯುತ್ತದೆ. ರುಬ್ಬಿದಾಗ ಒಳಗೆಲ್ಲ ಸೇರಿಕೊಳ್ಳುತ್ತದೆ. ಅದಕ್ಕೇ ರುಬ್ಬಿದ ಮಾಂಸದ ನಡುಭಾಗವೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುವುದು. ಹಸಿ ಹಾಲನ್ನು ಕಾಯಿಸದೆ ಮಕ್ಕಳಿಗೆ ಕೊಡಬಾರದು. ಹಸಿ ಹಿಟ್ಟಿನಲ್ಲೂ ಇದು ಸಿಕ್ಕಿದೆ. ನಾದಿದ ಹಿಟ್ಟಿನ ಉಂಡೆ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಇವೆಲ್ಲ ಮನೆಯವರಿಗೆ ಹೇಳುವ ಮಾತು, ಹೇಳೋಣ. ಆದರೆ ಮೊಳಕೆಯ ಬೀಜದೊಳಗೆ ಏನಿದೆ ಎಂದು ಯಾವ ಅಮ್ಮ ನೋಡಬಲ್ಲಳು? ಅದು ನಿಮ್ಮ ಇನ್ಸ್‌ಪೆಕ್ಟರುಗಳ ಕೆಲಸ.

ಮಕ್ಕಳನ್ನು ಪ್ರಾಣಿಗಳನ್ನು ಮುಟ್ಟಿಸಲು ಕರೆದೊಯ್ಯುವ ಫಾರ್ಮ್‌ಗಳ ಮೇಲೂ ಕಣ್ಣಿರಲಿ. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಅಂಥ ಒಂದು ಫಾರ್ಮಿಗೆ ಹೋಗಿಬಂದ 93 ಜನರಿಗೆ ಒ157 ತಗುಲಿತು, ಹೆಚ್ಚಿನವರು ಮಕ್ಕಳು. ಬಾಗಿಲಲ್ಲಿ ಕೈಗೆ ಜೆಲ್ ಇಟ್ಟರೆ ಸಾಲದು. ಕೊಳೆ ಮೆತ್ತಿದ ಕೈಗೆ ಜೆಲ್ ನಾಟುವುದಿಲ್ಲ. ಸೋಪು, ಹರಿಯುವ ನೀರು, ಮಕ್ಕಳ ಎತ್ತರಕ್ಕೆ ನಲ್ಲಿ. ಶಿಶುಪಾಲನಾ ಕೇಂದ್ರಗಳಿಗೂ ಇದೇ ಮಾತು. ಭೇದಿ ನಿಂತ ಮೇಲೂ ಚಿಕ್ಕ ಮಕ್ಕಳ ಮಲದಲ್ಲಿ ಈ ಬ್ಯಾಕ್ಟೀರಿಯಾ ವಾರಗಟ್ಟಲೆ ಹೋಗುತ್ತಿರಬಹುದು. ಡೈಪರ್ ಬದಲಿಸಿದ ಕೈಯಿಂದ ಇನ್ನೊಂದು ಮಗುವಿಗೆ ದಾಟಲು ತಡವಾಗುವುದಿಲ್ಲ. ಮಲದ ಪರೀಕ್ಷೆ ಸ್ವಚ್ಛ ಎಂದು ಬಂದ ಮೇಲಷ್ಟೇ ಮಗುವನ್ನು ವಾಪಸ್ ಸೇರಿಸಿಕೊಳ್ಳಬೇಕು. ಅಷ್ಟು ದಿನ ಅಪ್ಪನೋ ಅಮ್ಮನೋ ಮನೆಯಲ್ಲಿ ಉಳಿಯಬೇಕಾಗುತ್ತದೆ. ಆ ರಜೆಗೆ ಸಂಬಳ ಕತ್ತರಿಸಿದರೆ ಜನ ಕಾಯಿಲೆಯನ್ನೇ ಮುಚ್ಚಿಡುತ್ತಾರೆ, ಅದನ್ನೂ ಯೋಚಿಸಿ.

ಇನ್ನೊಂದು ವಿಚಾರ, ಎಲ್ಲರೂ ಮರೆಯುವಂಥದ್ದು. ಮಗು ಗುಣವಾಗಿ ಮನೆಗೆ ಹೋಯಿತು, ಫೈಲ್ ಮುಚ್ಚಿತು. ಆದರೆ ಬದುಕುಳಿದ ಮಕ್ಕಳಲ್ಲಿ ಸುಮಾರು ಕಾಲುಭಾಗದಷ್ಟು ಮಕ್ಕಳಿಗೆ ಮುಂದೆ ಬಿ.ಪಿ. ಏರುವುದೋ, ಉಚ್ಚೆಯಲ್ಲಿ ಪ್ರೋಟೀನ್ ಹೋಗುವುದೋ, ಕಿಡ್ನಿಯ ಶಕ್ತಿ ಕುಗ್ಗುವುದೋ ಆಗುತ್ತದೆ. ಉಚ್ಚೆ ಹೆಚ್ಚು ದಿನ ನಿಂತಿದ್ದಷ್ಟೂ ಅಪಾಯ ಜಾಸ್ತಿ. ಹೊರಗೆ ಏನೂ ಕಾಣುವುದಿಲ್ಲ. ಮಗು ಓಡಾಡುತ್ತದೆ, ಶಾಲೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಬಿ.ಪಿ., ಒಂದು ಉಚ್ಚೆ ಪರೀಕ್ಷೆ, ಒಂದು ಕ್ರಿಯಾಟಿನಿನ್. ಕನಿಷ್ಠ ಐದು ವರ್ಷವಾದರೂ ನೋಡಬೇಕು, ತೊಂದರೆ ಕಂಡವರನ್ನು ಇನ್ನೂ ಮುಂದಕ್ಕೆ. ಊರು ಬದಲಿಸಿದ ಮನೆಯವರಿಗೆ ಇದನ್ನು ನೆನಪಿಸುವ ವ್ಯವಸ್ಥೆ ಇಲ್ಲ. ಬಿಡುಗಡೆ ಚೀಟಿಯ ಜೊತೆ ಒಂದು ಕಾರ್ಡ್ ಕೊಡಿ, ಅದನ್ನು ಯಾವ ಆಸ್ಪತ್ರೆಯಲ್ಲಿ ತೋರಿಸಿದರೂ ಪರೀಕ್ಷೆ ಮಾಡಲಿ.

ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಖರ್ಚೇ ಎಂದು ಹಣಕಾಸಿನವರು ಕೇಳುತ್ತಾರೆ, ನನಗೆ ಗೊತ್ತು. ಎಲ್ಲ ಭೇದಿಗೂ ಪರೀಕ್ಷೆ ಮಾಡಿ ಎಂದು ನಾನು ಹೇಳುತ್ತಿಲ್ಲ. ರಕ್ತ ಕಂಡ ಭೇದಿಗೆ ಮಾತ್ರ. ಒಂದು ಮಗುವಿನ ಡಯಾಲಿಸಿಸ್, ಐಸಿಯು ವಾಸ, ಮುಂದೆ ಕಿಡ್ನಿ ಕಸಿ ಬೇಕಾದರೆ ಅದು, ಅಪ್ಪ ಅಮ್ಮ ಬಿಟ್ಟ ಕೆಲಸ, ಇವನ್ನು ಒಂದು ಕಡೆ ಬರೆದು ಇನ್ನೊಂದು ಕಡೆ ಮಲದ ಡಬ್ಬಿಗಳ ಲೆಕ್ಕ ಬರೆಯಲಿ. ಅವರೇ ಕೂಡಿಸಿ ನೋಡಲಿ.

ಈ ಪುಟವನ್ನು ದೊಡ್ಡ ಆಸ್ಪತ್ರೆಗಳ ತಜ್ಞರಷ್ಟೇ ಕೂತು ಬರೆಯುವುದು ಬೇಡ. ಅವರಿಗೆ ಇದೆಲ್ಲ ಗೊತ್ತೇ ಇದೆ. ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಷ್ಟೋ ಮಕ್ಕಳನ್ನು ನೋಡುವ ವೈದ್ಯರನ್ನು, ಲ್ಯಾಬ್ ಟೆಕ್ನಿಷಿಯನ್ನುಗಳನ್ನು, ಔಷಧಿ ಅಂಗಡಿಯವರನ್ನು ಕೂರಿಸಿಕೊಳ್ಳಿ. ಭೇದಿ ಕಟ್ಟುವ ಮಾತ್ರೆ ಕೇಳಿಕೊಂಡು ಜನ ಮೊದಲು ಹೋಗುವುದು ಅವರ ಹತ್ತಿರವೇ. ಮಲದಲ್ಲಿ ರಕ್ತ ಇದೆಯಾ ಎಂದು ಅವರು ಒಂದು ಮಾತು ಕೇಳಿದರೂ ಸಾಕು. ಮನೆಯವರ ಕೈಗೆ ಕೊಡುವ ಭಾಗವನ್ನು ಆಡುಮಾತಿನಲ್ಲಿ ಬರೆಯಿಸಿ, ಚಿತ್ರ ಹಾಕಿಸಿ: ಬಿಳುಚಿದ ಮುಖ, ಊದಿದ ಕಣ್ಣು, ಒಣಗಿದ ಡೈಪರ್. ಕೆಳಗೆ ಹಗಲು ರಾತ್ರಿ ಯಾರಾದರೂ ಎತ್ತುವ ಒಂದು ಫೋನ್ ನಂಬರ್ ಇರಲಿ.

ಕರಡು ಸಿದ್ಧವಾದ ಮೇಲೆ ಒಮ್ಮೆ ನಮಗೂ ಕಳಿಸಿ. ವಾರ್ಡಿನವರು ಓದಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇವೆ.

ಇಂತಿ,
ಮಕ್ಕಳ ಕಿಡ್ನಿ ವಾರ್ಡಿನ ಒಬ್ಬ ನರ್ಸ್